ಲಂಡನ್ ಪ್ರಾಣಿಗಳಿಗೆ ಮೂರು ಪ್ರದಕ್ಷಿಣೆ

ನಾನು ಕೈಮುಗಿದ ಕಡೆಯಲ್ಲೆಲ್ಲ ಒಂದು ನಗೆಪಾಟಲು ಮೊದಲೇ ಬಂದು ಕಾದಿರುತ್ತದೆ. ರಿಟೈರ್ ಆದ ಮೇಲೆ, ಈ ಪರದೇಶದಲ್ಲಿ ನಾವಿರುವ ಹಿಲ್ಸ್‌ಬರೋ ಊರಿನ ಹತ್ತಿರದ ಸಣ್ಣ ಝೂ ಒಂದರಲ್ಲಿ ವಾಲಂಟಿಯರ್ ಆದೆ. ಇಂಗ್ಲೆಂಡಿನ ಹಳೆಯ ಮೃಗಾಲಯಗಳ ಚಿತ್ರಗಳಿದ್ದ ಕೋಣೆಯನ್ನು ಜನಕ್ಕೆ ತೋರಿಸುವ ಕೆಲಸ. ಮೂರು ಶನಿವಾರ ಪರೀಕ್ಷೆ. ಪಾಸಾದರೆ ಗೈಡ್ ಬ್ಯಾಡ್ಜ್. ನನ್ನಾಕೆ ಆಗಲೇ ಭಜನೆ ಮಂಡಳಿಯಲ್ಲೆಲ್ಲ "ನಮ್ಮನೆಯವರು ಗೈಡ್" ಎಂದು ಸಾರಿಬಿಟ್ಟಿದ್ದಳು. ಫೇಲಾದರೆ ಭಜನೆಗೆ ಮುಖ ತೋರಿಸುವಂತಿರಲಿಲ್ಲ.

ಆನೆಯ ಪಾನೀಯ

ಮೊದಲ ಶನಿವಾರ ತೋರಿಸಬೇಕಾಗಿದ್ದದ್ದು ಬಹಳ ಹಿಂದೆ ಲಂಡನ್ ಕೋಟೆಯಲ್ಲಿ ರಾಜನೊಬ್ಬ ಸಾಕಿದ್ದ ಆನೆಯ ಚಿತ್ರ. ಅದಕ್ಕೆ ವೈನ್ ಕುಡಿಸುತ್ತಿದ್ದರೆಂದು ನನಗೆ ಕೊಟ್ಟ ಚೀಟಿಯಲ್ಲಿತ್ತು. ಗಣಪತಿಯ ಮುಖದ ಪ್ರಾಣಿ; ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ದ್ರಾಕ್ಷಿ ಜ್ಯೂಸ್ ಕೊಡುತ್ತಿದ್ದರು" ಎಂದೆ.

ಮುಂದೆ ನಿಂತಿದ್ದ ಪುಟ್ಟ ಹುಡುಗಿ, "ಆಮೇಲೆ ಆನೆ ಏನಾಯ್ತು?" ಎಂದಳು.

"ಎರಡೇ ವರ್ಷಕ್ಕೆ ತೀರಿಕೊಂಡಿತಮ್ಮ."

ಹುಡುಗಿ ಕೈಯಲ್ಲಿದ್ದ ಜ್ಯೂಸ್ ಡಬ್ಬಿಯನ್ನು ಮೆಲ್ಲಗೆ ಅಮ್ಮನ ಬ್ಯಾಗಿಗೆ ಸೇರಿಸಿದಳು.

ಬಾಗಿಲಲ್ಲಿ ಬೂಟು

ಸಿಂಹ, ನವಿಲು, ಗರುಡ, ನಾಗ. ಗೋಡೆ ತುಂಬ ದೇವರ ವಾಹನಗಳೇ. ಎರಡನೇ ಶನಿವಾರ ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಬಂದವರು ಇದು ಇಲ್ಲಿನ ರೂಲ್ ಎಂದುಕೊಂಡರು. ಅರ್ಧ ಗಂಟೆಯಲ್ಲಿ ಹೊರಗೆ ಬೂಟಿನ ರಾಶಿ.

ನಮ್ಮ ಮೇಲ್ವಿಚಾರಕಿ ಧುಮುಗುಟ್ಟುತ್ತ ಬಂದರು. "ಯಾರ್ರೀ ಈ ರೂಲ್ ಮಾಡಿದ್ದು?"

ನಾನು ತಲೆ ತಗ್ಗಿಸಿದೆ. ಆಗ ಕಂಡಿತು: ಬೈಯಲು ಬಂದವರ ಕಾಲಲ್ಲೂ ಬರೀ ಸಾಕ್ಸ್!

ಕೊನೆಯ ಪರೀಕ್ಷೆ

ಮೂರನೇ ಶನಿವಾರ ಪರೀಕ್ಷಕರಾಗಿ ಬಂದವರು ಲಂಡನ್ನಿನ ಝೂನಲ್ಲೇ ಪ್ರಾಣಿ ಸಾಕಿ ನಿವೃತ್ತರಾದ ಇಂಗ್ಲೆಂಡಿನ ಹಿರಿಯರು, ಕೈಯಲ್ಲಿ ಊರುಗೋಲು. "ಶುರು ಮಾಡಿ" ಎಂದರು. ಮನಸ್ಸಿನಲ್ಲೇ ಹನುಮಪ್ಪನನ್ನು ನೆನೆದು, ನೋಡಲು ಬಂದ ಇಪ್ಪತ್ತೈದು ಜನರನ್ನು ಹಿಂದಿಟ್ಟುಕೊಂಡು ಎಡದಿಂದ ಹೊರಟೆ. ಪ್ರಾಣಿಗಳ ಕಥೆ ಹೇಳುತ್ತ ಒಂದು ಸುತ್ತು ಮುಗಿಯಿತು. ಗುಡಿಯಲ್ಲಿ ಮೂರು ಸುತ್ತು ಹಾಕಿದ ಕಾಲಿಗೆ ಒಂದಕ್ಕೇ ನಿಂತು ರೂಢಿಯಿಲ್ಲ. ಎರಡನೇ ಸುತ್ತಿನಲ್ಲಿ ಪ್ರಾಣಿ ಸಾಕಿದವರ ಕಥೆ, ಮೂರನೆಯದರಲ್ಲಿ ನೋಡಲು ಬರುತ್ತಿದ್ದ ಜನರ ಕಥೆ ಹೇಳಿದೆ. ಕೊನೆಗೆ ಅಭ್ಯಾಸಬಲ, ಕೈಮುಗಿದು ನಿಂತಲ್ಲೇ ಒಮ್ಮೆ ತಿರುಗಿದೆ.

ಹಿಂದೆ ನೋಡುತ್ತೇನೆ, ಇಪ್ಪತ್ತೈದು ಜನವೂ ಕೈಮುಗಿದು ಗಿರ್ರನೆ ತಿರುಗುತ್ತಿದ್ದಾರೆ! ಹಿರಿಯರು ಊರುಗೋಲು ಕಂಕುಳಲ್ಲಿಟ್ಟು ತಿರುಗುತ್ತಿದ್ದರು.

"ಎಷ್ಟೋ ಗೈಡುಗಳನ್ನು ನೋಡಿದ್ದೇನೆ," ಅಂದರು ಏದುಸಿರು ಬಿಡುತ್ತ. "ಮೊದಲ ಸುತ್ತಿಗೇ ಅರ್ಧ ಜನ ಕಾಫಿಗೆ ಹೋಗಿರುತ್ತಾರೆ. ಇಲ್ಲಿ ಒಬ್ಬರೂ ಕದಲಲಿಲ್ಲ. ಎಲ್ಲಿ ಟ್ರೈನಿಂಗ್ ಆಯ್ತು?"

"ಊರ ಹನುಮಪ್ಪನ ಗುಡಿಯಲ್ಲಿ, ಸರ್."

ಅವರೇ ಬ್ಯಾಡ್ಜ್ ಚುಚ್ಚಿದರು. ಅಷ್ಟರಲ್ಲಿ ಮನೆಯಿಂದ ಫೋನ್. "ಏನಾಯ್ತೂಂದ್ರೆ? ಪಾಸಾ?"

"ಪಾಸ್ ಕಣೇ! ನಮ್ಮನ್ನಾಳಿದವರ ಕೈಲೇ ಮೂರು ಪ್ರದಕ್ಷಿಣೆ ಹಾಕಿಸಿಬಿಟ್ಟೆ!"