ಚಂದಾ ಬಾಕಿಯಿಲ್ಲದ ಅಧ್ಯಕ್ಷರ ಸನ್ನಿಧಿಗೆ

ತಲ್ಲೂರು, ೧೯೬೫ರ ಅಕ್ಟೋಬರ್ ಹತ್ತು

ನಮ್ಮೂರ ಯುವಕರ ವಾಲಿಬಾಲ್ ಸಂಘದ ನೂತನ ಅಧ್ಯಕ್ಷರೂ, ನಾಗಕ್ಕನವರ ಹಿರಿಯ ಎಮ್ಮೆಯೂ ಆದ ಮಾನ್ಯ ಕಾಳು ಅವರೇ,

ತಮಗೂ, ಕಳೆದ ವಾರ ಹುಟ್ಟಿದ ತಮ್ಮ ಕರುವಿಗೂ ಸಂಘದ ಮೂವತ್ತೆರಡು ಸದಸ್ಯರ ವಂದನೆಗಳು. ಈ ಪತ್ರವನ್ನು ತಮ್ಮ ಮುಂದಿಡದೆ ಬಾಗಿಲ ಮೇಲ್ಗಡೆ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಹಿಂದಿನ ಮನವಿಯನ್ನು ತಾವು ಓದುವ ಮೊದಲೇ ತಿಂದುಬಿಟ್ಟಿರಿ.

ಸಂಘದ ಹಣಕಾಸು ತಮಗೆ ತಿಳಿಯದ್ದಲ್ಲ. ಕೊಯ್ಲಾದ ಗದ್ದೆಯಲ್ಲಿ ಕಂಬ ನೆಟ್ಟು ಡಿಸೆಂಬರಿನಿಂದ ಮೇ ತನಕ ಆಡುವಾಗ ನಾಲ್ಕಾಣೆ ಟಿಕೇಟಿಗೆ ಜನ ಮುಗಿಬೀಳುತ್ತಾರೆ. ಮಳೆ ಹಿಡಿದದ್ದೇ ತಡ, ಬೊಂಬಾಯಿ ಹೋಟೆಲುಗಳಿಂದ ರಜೆಗೆ ಬಂದವರು ಬಸ್ಸು ಹತ್ತುತ್ತಾರೆ, ಉಳಿದವರು ಗದ್ದೆಯ ನಟ್ಟಿಗೆ ಇಳಿಯುತ್ತಾರೆ, ಸಂಘದ ಶೆಡ್ಡಿನೊಳಗೆ ಕೇರಂ ಆಡಲು ಸೋರುವ ನೀರು ಮಾತ್ರ ಬರುತ್ತದೆ. ಇದನ್ನು ಮನಗಂಡು ಖಜಾಂಚಿ ಕುಷ್ಟಣ್ಣ ಈ ಸಲ ಶೆಡ್ಡನ್ನು ತಿಂಗಳಿಗೆ ಎರಡು ರೂಪಾಯಿಯಂತೆ ತಮ್ಮ ವಾಸಕ್ಕೆ ಬಿಟ್ಟರು. ತಾವು ಜೂನ್ ಒಂದಕ್ಕೆ ಬಂದವರು ಒಂದು ದಿನವೂ ಗೈರುಹಾಜರಾಗಲಿಲ್ಲ. ಸಂಘದ ಚರಿತ್ರೆಯಲ್ಲಿ ಇಂಥ ಹಾಜರಿ ಇನ್ನೊಂದಿಲ್ಲ.

ತೊಡಕಾದದ್ದು ರಸೀದಿಯಲ್ಲಿ. ಇದ್ದ ಒಂದೇ ಪುಸ್ತಕದ ತುಂಬ 'ಸದಸ್ಯತ್ವ ಚಂದಾ' ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ಹೊಡೆದುಹಾಕಿ 'ಬಾಡಿಗೆ' ಎಂದು ಬರೆಯುವುದು ಲೆಕ್ಕದ ಧರ್ಮವಲ್ಲವೆಂದು, ಅಕ್ಕಿ ಮಿಲ್ಲಿನಲ್ಲಿ ಹತ್ತು ವರ್ಷ ಗುಮಾಸ್ತರಾಗಿದ್ದ ಆ ಪ್ರಾಮಾಣಿಕರು ಐದೂ ತಿಂಗಳು ತಮ್ಮ ಹೆಸರಿಗೆ ಚಂದಾ ರಸೀದಿಯನ್ನೇ ಹರಿದರು. ಮೊನ್ನೆ ಮಹಾಸಭೆಯಲ್ಲಿ, ಮೂರು ತಿಂಗಳ ಬಾಕಿಯಿದ್ದವರಿಗೆ ಮತವೂ ಇಲ್ಲ ಹುದ್ದೆಯೂ ಇಲ್ಲ ಎಂಬ ನಿಯಮವನ್ನು ಅವರು ಓದಿದಾಗ ನಾವೆಲ್ಲ ತಲೆ ತಗ್ಗಿಸಿದೆವು. ಖಜಾಂಚಿ ಬೇರೆ ಹುದ್ದೆ ಹಿಡಿಯುವಂತಿಲ್ಲವಾದ್ದರಿಂದ ತಲೆಯೆತ್ತಿ ನಿಂತವರು ತಾವೊಬ್ಬರೇ. ಹಾಗಾದರೆ ಕಾಳುವೇ ಅಧ್ಯಕ್ಷರಾಗಲಿ ಎಂದು ನಗೆಗಾಗಿ ಕೂಗಿದವನು ನಾನು. ನಗದೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡವರು ಕುಷ್ಟಣ್ಣ.

ತಮ್ಮ ಆಡಳಿತದಲ್ಲಿ ದೋಷ ಹುಡುಕಿದರೂ ಸಿಗದು. ಹಿಂದಿನ ಅಧ್ಯಕ್ಷರ ಭಾಷಣ ಒಂದು ಗಂಟೆ, ಚಹಾ ತಿಂಡಿ ಸಂಘದ ಲೆಕ್ಕ. ತಮ್ಮದು ಭಾಷಣವಿಲ್ಲ, ಹುಲ್ಲು ಮನೆಯಿಂದಲೇ ಬರುತ್ತದೆ. ಆದರೆ ಕೊಯ್ಲು ಮುಗಿಯುತ್ತ ಬಂತು. ಡಿಸೆಂಬರಿನ ಪಂದ್ಯಾಟಕ್ಕೆ ಹೆಮ್ಮಾಡಿಯವರೂ ಕೋಟದವರೂ ಬರುತ್ತಾರೆ; ನಮ್ಮ ಕಂಬ, ವಾಲಿಬಾಲ್ ನೆಟ್, ಟಿಕೇಟಿನ ಮೇಜು ಎಲ್ಲವೂ ತಮ್ಮ ಬೆನ್ನ ಹಿಂದಿವೆ. ಆ ಟಿಕೇಟಿನ ಹಣ ತಪ್ಪಿದರೆ ಬರುವ ಮಳೆಗಾಲಕ್ಕೆ ಸಂಘವೇ ಉಳಿಯದು. ಶೆಡ್ಡು ಬಿಡಿಸಿಕೊಡಿ ಎಂದು ನಾಗಕ್ಕನವರನ್ನು ಕೇಳಿದರೆ, "ಹ್ವಾಯ್ ಕಿಟ್ಟ, ನಮ್ ಎಮ್ಮಿ ಎಂತಕ್ಕೆ ಎದ್ದ್ ಹೋಯ್ಕ್? ಅದೆಂತ ನಿಮ್ ಹಾಂಗೆ ಬಾಕಿ ಇಟ್ಕಂಡಿತಾ?" ಎಂದು ರಸೀದಿಗಳನ್ನು ಸೆರಗಿನಿಂದ ತೆಗೆದು ತೋರಿಸುತ್ತಾರೆ. ಸದಸ್ಯರೋ, ತಿಂಗಳಿಗೆ ಎಂಟಾಣೆಯಂತೆ ಎರಡೂವರೆ ರೂಪಾಯಿ ಬಾಕಿ ಕಟ್ಟಿ ತಮ್ಮನ್ನು ಇಳಿಸುವುದಕ್ಕಿಂತ ತಮ್ಮ ಕೈಕೆಳಗಿರುವುದೇ ಅಗ್ಗವೆಂದು ಸುಮ್ಮನಿದ್ದಾರೆ.

ಆದ್ದರಿಂದ ತಾವೇ ವಿಶೇಷ ಸಭೆ ಕರೆದು, ತಮ್ಮ ಮೇಲೆ ತಾವೇ ಅವಿಶ್ವಾಸ ಮಂಡಿಸಿ, ತಾವೇ ಮತ ಹಾಕಿ ಅದನ್ನು ಗೆಲ್ಲಿಸಿ, ಕಂಬಗಳಿಗೆ ಧಕ್ಕೆಯಾಗದಂತೆ ಹೊರನಡೆಯಬೇಕಾಗಿ ಪ್ರಾರ್ಥನೆ. ಬಾಲ ಎತ್ತಿದರೂ ಸಾಕು. ಕೈ ಎತ್ತಿದಂತೆಯೇ ಬರೆದುಕೊಳ್ಳಲು ಕುಷ್ಟಣ್ಣ ಒಪ್ಪಿದ್ದಾರೆ.

ಐದು ತಿಂಗಳ ಬಾಕಿಯೊಡನೆ ತಮ್ಮ ವಿಶ್ವಾಸಿ,
ಕಿಟ್ಟ
ಕಾರ್ಯದರ್ಶಿ (ನಿಯಮ ಓದುವ ತನಕ)

ತಾಜಾ ಕಲಂ: ಅವಿಶ್ವಾಸದ ಸುದ್ದಿ ಕೇಳಿ ಇಂದು ಬೆಳಿಗ್ಗೆ ಚಂದಾ ಕಟ್ಟಲು ಓಡಿಬಂದವರು ಒಬ್ಬರೇ, ನಾಗಕ್ಕ. ತಮ್ಮ ಕರುವಿನ ಹೆಸರಿಗೆ ಎಂಟಾಣೆ ಕೊಟ್ಟು ರಸೀದಿ ಮಾಡಿಸಿದ್ದಾರೆ. ಕಾರ್ಯದರ್ಶಿ ಹುದ್ದೆ ಖಾಲಿಯಿದೆಯೆಂದು ಕುಷ್ಟಣ್ಣನೇ ನಾಗಕ್ಕನವರಿಗೆ ತಿಳಿಸಿದರಂತೆ.