ಎಡಗಿವಿಯ ವಿಮರ್ಶಕ

ನಮ್ಮ ಮನೆಯಲ್ಲಿ ನನ್ನ ಕಿವಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುವವನು ನಾನೊಬ್ಬನೇ. ಕರೆದರೆ ಕೇಳಿಸುವುದಿಲ್ಲ ಎಂದು ಹೆಂಡತಿ ಮಂಜುಳ ಹೇಳುತ್ತಾಳೆ, ಕೇಳಿಸಿದರೂ ಏಳುವುದಿಲ್ಲ ಎಂದು ಅಮ್ಮ ತಿದ್ದುತ್ತಾಳೆ. ಆದರೆ ಹಾಡಿನ ವಿಷಯಕ್ಕೆ ಬಂದರೆ ನನ್ನ ಕಿವಿಯ ತೂಕವೇ ಬೇರೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು, ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಐವತ್ತು ದಾಟಿದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರಿಗೆ ವಾಕಿಂಗ್, ಕೆಲವರಿಗೆ ಸೈಟು, ಕೆಲವರಿಗೆ ಸಿದ್ಧರಬೆಟ್ಟದ ಗಿಡಮೂಲಿಕೆ. ನನಗೆ ವೈರು ಹಿಡಿಯಿತು. ಹಾಡುಗಾರರು ವೇದಿಕೆಯ ಮೇಲೆ ತಮ್ಮ ದನಿ ತಮಗೆ ಕೇಳಲೆಂದು ಕಿವಿಯೊಳಗೆ ತುರುಕಿಕೊಳ್ಳುತ್ತಾರಲ್ಲ, ಆ ಇನ್-ಇಯರ್ ಮಾನಿಟರುಗಳು ಈಗ ನಮ್ಮಂಥವರ ಕೈಗೂ ಎಟುಕುವ ಬೆಲೆಗೆ ಬಂದಿವೆ. ಅದು ಗೊತ್ತಾದ ದಿನದಿಂದ ನನಗೆ ಡ್ರಾಯಿಂಗ್ ಪೀರಿಯಡ್ಡಿನಲ್ಲೂ ಅದೇ ಧ್ಯಾನ.

ಈ ಚಟಕ್ಕೆ ಮನೆಯಲ್ಲಿ ಮಾನ ತಂದುಕೊಟ್ಟವಳು ಚೈತ್ರ. ಮಂಜುಳಳ ಅಣ್ಣನ ಮಗಳು, ಪಾವಗಡದ ಹುಡುಗಿ, ಅತ್ತೆಯ ಹಾಗೆಯೇ ಮಾತಿನ ಮಧ್ಯೆ ತೆಲುಗು ಬೆರೆಸುವವಳು. ಮದುವೆ ರಿಸೆಪ್ಷನ್ನುಗಳಲ್ಲಿ ಹಾಡುವ ಆರ್ಕೆಸ್ಟ್ರಾ ಒಂದರಲ್ಲಿ ಹಾಡುತ್ತಾಳೆ. ಒಂದು ಸಂಜೆ ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದಳು: "ಮಾಮಾ, ಡ್ರಮ್ಸ್ ಸೌಂಡಿಗೆ ನನ್ ವಾಯ್ಸ್ ನಂಗೇ ಕೇಳ್ಸಲ್ಲ. ಎರಡು ಸಲ ಶ್ರುತಿ ತಪ್ಪೋಯ್ತು. ಇನ್ನೊಂದ್ ಸಲ ತಪ್ಪಿದ್ರೆ ಬೇರೆ ಹುಡುಗೀನ ಕರ್ಕೊಂತೀವಿ ಅಂದವ್ರೆ. ಮಿಕ್ಸರಿಂದ ವೈರ್ ಎಳ್ಕೊಡ್ತಾರಂತೆ, ಕಿವಿಗಾಕ್ಕೊಳ್ಳೋದು ನೀನೇ ತಂದ್ಕೋ ಅಂದ್ರು. ಯಾವ್ದು ತಗೋಬೇಕು, ನುವ್ವೇ ಚೆಪ್ಪು." ಆಹಾ, ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಕಾಯುವುದು ಇಂಥ ಒಂದು ಪ್ರಶ್ನೆಗೇ ಅಲ್ಲವೆ? ಮುಂದಿನ ತಿಂಗಳು ಪಾವಗಡದಲ್ಲೇ ಅವಳ ಕಾರ್ಯಕ್ರಮ ಇತ್ತು. ಅಷ್ಟರೊಳಗೆ ಪರೀಕ್ಷೆ ಮಾಡಿ ಹೇಳುತ್ತೇನೆ, ನೀನು ಹೆದರಬೇಡ ಎಂದೆ. ನನಗೆ ರಾತ್ರಿ ಊಟ ಸೇರಲಿಲ್ಲ, ಖುಷಿಗೆ.

ಮೊದಲನೆಯದು, ಬೆಳ್ಳಿ ಬಣ್ಣದ್ದು, ಒಂದು ಶನಿವಾರ ಬಂತು. ವೈರನ್ನು ಕಿವಿಯ ಹಿಂದಿನಿಂದ ಸುತ್ತಿಸಿ ಹಾಕಿಕೊಳ್ಳಬೇಕು. ಜೊತೆಗೆ ಚಿಕ್ಕದು, ಮಧ್ಯಮ, ದೊಡ್ಡದು ಎಂದು ರಬ್ಬರ್ ಟೋಪಿಗಳು. ನನ್ನ ಬಲಗಿವಿಗೆ ಮಧ್ಯಮ ಸರಿಹೋಯಿತು, ಎಡಗಿವಿಗೆ ದೊಡ್ಡದೇ ಬೇಕಾಯಿತು. ಇದೇನು ವ್ಯತ್ಯಾಸ ಎಂದು ಅಮ್ಮನನ್ನು ಕೇಳಿದರೆ, "ನಿಮ್ ಲೆಕ್ಕದ ಮೇಷ್ಟ್ರು ದಿನಾ ಅದೇ ಕಿವಿ ಹಿಡ್ದು ಹಿಂಡ್ತಿದ್ರು ಕಣ್ಲಾ, ಹಿಗ್ಗೋಗೈತೆ" ಎಂದಳು. ಇರಲಿ. ಹಾಡು ಹಾಕಿದೆ. ಅಯ್ಯೋ, ಅದನ್ನು ಏನೆಂದು ಹೇಳಲಿ. ನೂರಾರು ಸಲ ಕೇಳಿದ್ದ ಹಾಡಿನಲ್ಲಿ ಗಾಯಕಿ ಚರಣಕ್ಕೆ ಮೊದಲು ಉಸಿರೆಳೆದುಕೊಳ್ಳುವುದು ಕೇಳಿಸಿತು. ತಬಲಾದವನ ಬೆರಳು ಚರ್ಮದ ಮೇಲೆ ಒಂಚೂರು ಜಾರಿದ್ದು ಕೇಳಿಸಿತು. ಅಡುಗೆಮನೆಗೆ ಓಡಿಹೋಗಿ ಮಂಜುಳಳ ಕಿವಿಗೆ ಹಾಕಲು ನೋಡಿದೆ. ಅವಳ ಜುಮುಕಿಗೆ ವೈರು ಸಿಕ್ಕಿಕೊಂಡು, ಅದನ್ನು ಬಿಡಿಸುವಷ್ಟರಲ್ಲಿ ಹಾಡೂ ಮುಗಿಯಿತು, ಒಲೆಯ ಮೇಲಿನ ಪಲ್ಯವೂ ಸೀದಿತು. ನಾನು ಚೈತ್ರಳಿಗೆ ಮೆಸೇಜು ಹಾಕಿದೆ: ಕಣ್ಣು ಮುಚ್ಚಿಕೊಂಡು ಇದನ್ನೇ ತಗೋ.

ಸೋಮವಾರ ಬಸ್ಸಿನಲ್ಲಿ ಹಾಕಿಕೊಂಡರೆ ಎಡಗಡೆ ಮಂಕಾಗಿತ್ತು. ಕಂಬಳಿ ಹೊದ್ದುಕೊಂಡು ಹಾಡುತ್ತಿರುವ ಹಾಗೆ. ಶನಿವಾರ ಉಸಿರಿನವರೆಗೆ ಕೇಳಿಸಿದ್ದು, ಸೋಮವಾರ ಹೆಣ್ಣುದನಿಯೋ ಗಂಡುದನಿಯೋ ಗೊತ್ತಾಗದಷ್ಟು ಮಬ್ಬು. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲೇ ಚೈತ್ರಳಿಗೆ ಇನ್ನೊಂದು ಮೆಸೇಜು: ಮುಟ್ಟಬೇಡ, ಇದು ದರಿದ್ರ ಮಾಲು, ಎರಡೇ ದಿನಕ್ಕೆ ಬಣ್ಣ ಬಯಲಾಯಿತು. ಇಂಟರ್ನೆಟ್ಟಿನ ಪಂಡಿತರು ಹೊಸದನ್ನು ಬಹಳ ಹೊತ್ತು ಹಾಡಿಸಿ ಪಳಗಿಸಬೇಕು ಎನ್ನುತ್ತಾರೆ. ಇದು ಪಳಗುವ ಬದಲು ಮಲಗಿಯೇಬಿಟ್ಟಿತ್ತು.

ಎರಡನೆಯದು ಕಪ್ಪು. ಈ ಸಲ ಸುಮ್ಮನೆ ಮೆಚ್ಚಬಾರದು, ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಬೇಕೆಂದು ಶನಿವಾರ ಶಿರಾಕ್ಕೆ ಹೊರಟೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಮುಬಾರಕ್ ಅವರ ಮನೆಯವರದು ಅಲ್ಲಿ ಕಡ್ಲೆಕಾಯಿ ಮಿಲ್ಲಿದೆ. ಕಾಯಿ ಸುಲಿಯುವ ಮಿಷನ್ನು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವನ ಮಾತು ಅವನಿಗೇ ಕೇಳಿಸುವುದಿಲ್ಲ. ಚೈತ್ರಳ ಡ್ರಮ್ಸಿಗೆ ಇದಕ್ಕಿಂತ ಒಳ್ಳೆಯ ಬದಲಿ ಎಲ್ಲಿ ಸಿಗಬೇಕು? ಮಿಷನ್ನಿನ ಪಕ್ಕ ನಿಂತು ಕಿವಿಗೆ ಹಾಕಿಕೊಂಡೆ. ಗದ್ದಲ ಅಡಗಿತು, ಹಾಡು ಎದ್ದು ಬಂತು. ನಾನು ಸಂತೋಷಕ್ಕೆ ಕೈ ಎತ್ತಿ ತಾಳ ಹಾಕಿದ್ದನ್ನು ನೋಡಿ ಕೆಲಸದವರು ಮಿಷನ್ನಿಗೆ ಏನೋ ಆಯಿತೆಂದು ನಿಲ್ಲಿಸಿಬಿಟ್ಟರು. ಮುಬಾರಕ್ಕರಿಗೂ ಹಾಕಿ ನೋಡಿ ಎಂದೆ. ಅವರ ಕಿವಿಯ ಮೇಲೆ ಸದಾ ಒಂದು ಪೆನ್ನಿರುತ್ತದೆ. ವೈರು ಬಂದರೆ ಪೆನ್ನು ಬೀಳುತ್ತದೆ, ಪೆನ್ನಿಟ್ಟರೆ ವೈರು ನಿಲ್ಲುವುದಿಲ್ಲ. "ಜಾನೇ ದೋ ಸಾರ್, ನಮ್ ಕಿವಿಯಾಗೆ ಜಾಗ ಇಲ್ಲ" ಎಂದು ವಾಪಸ್ಸು ಕೊಟ್ಟರು. ಹೊರಡುವಾಗ ಅಮ್ಮನಿಗೆಂದು ಒಂದು ಕ್ಯಾನು ಹೊಸ ಕಡ್ಲೆಕಾಯಿ ಎಣ್ಣೆ ಕೊಟ್ಟರು.

ಸೋಮವಾರ ಅದೂ ಎಡಗಡೆ ಮಂಕು. ಮೂರನೆಯದು ನೀಲಿ, ಒಳಗಿನದೆಲ್ಲ ಕಾಣುವಂಥದ್ದು. ಶನಿವಾರ ಗಂಧರ್ವ, ಸೋಮವಾರ ಗೊರಕೆ. ನಾನು ಇದಕ್ಕೆ ಏನೇನು ಕಾರಣ ಹುಡುಕಲಿಲ್ಲ ಹೇಳಿ. ಬಸ್ಸಿನ ಕುಲುಕಾಟ ಎಂದುಕೊಂಡೆ, ಫೋನಿನ ತೂತು ಎಂದುಕೊಂಡೆ, ಅಗ್ಗದ ಮಾಲು ತಯಾರಿಸುವವರು ಎಡಗಡೆಗೆ ಬೇಕೆಂದೇ ಕಡಿಮೆ ತಾಮ್ರ ಹಾಕುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಕಾರ್ಯಕ್ರಮ ಹತ್ತಿರ ಬಂದಿತ್ತು. ಚೈತ್ರಳಿಗೆ ಭಾರವಾದ ಮನಸ್ಸಿನಿಂದ ತೀರ್ಪು ಕೊಟ್ಟೆ: ಮೂರೂ ಬೇಡ, ಬೆಳ್ಳಿಯದಂತೂ ಬೇಡವೇ ಬೇಡ, ಸ್ಪೀಕರಿನ ಹತ್ತಿರ ನಿಂತು ಹಾಡು. "ಸರೇ ಮಾಮಾ" ಎಂದಳು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನನಗೆ ಆಗಲೇ ಅನುಮಾನ ತರಿಸಬೇಕಿತ್ತು.

ರಿಸೆಪ್ಷನ್ ಭಾನುವಾರ ಸಂಜೆ. ನಮಗೂ ಬೇಕಾದವರ ಮದುವೆಯೇ, ಎಲ್ಲರೂ ಹೋದೆವು. ಚೈತ್ರ ವೇದಿಕೆ ಹತ್ತಿದಾಗ ನಾನು ಮುಂದಿನ ಸಾಲಿಗೆ ಹೋಗಿ ಕೂತೆ. ನೋಡುತ್ತೇನೆ, ಅವಳ ಕಿವಿಯಲ್ಲಿ ಬೆಳ್ಳಿಯದು. ನಾನು ದರಿದ್ರ ಎಂದಿದ್ದ ಅದೇ ಬೆಳ್ಳಿಯದು. ಮುಗಿಯಿತು ಇವಳ ಕಥೆ ಎಂದುಕೊಳ್ಳುವಷ್ಟರಲ್ಲಿ ಹಾಡು ಶುರುವಾಯಿತು. ಡ್ರಮ್ಸು ಎಷ್ಟು ಅಬ್ಬರಿಸಿದರೂ ಹುಡುಗಿ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಊಟದ ಸಾಲಿನಲ್ಲಿದ್ದವರೂ ತಿರುಗಿ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಮುಚ್ಚಿಡಲಿ.

ಮಧ್ಯೆ ಸ್ವಲ್ಪ ಬಿಡುವು ಸಿಕ್ಕಿದಾಗ ಮಂಜುಳಳ ಜೊತೆ ವೇದಿಕೆಯ ಹಿಂದೆ ಹೋದೆ. ಮೆಚ್ಚಿ ಬೆನ್ನು ತಟ್ಟಿ ಬರುವವರು ಬೇರೆ ಯಾರಾದರೂ ಆಗಿರುತ್ತಾರೆ. ನಾನು ಅವಳ ಬೆಳ್ಳಿಯದನ್ನು ಕಿತ್ತುಕೊಂಡು ನನ್ನ ಕಿವಿಗೆ ತುರುಕಿ, ನನ್ನ ಫೋನಿಗೆ ಸಿಕ್ಕಿಸಿ ಹಾಡು ಹಾಕಿದೆ. ಬಲ ಚೆನ್ನಾಗಿದೆ, ಎಡ ಮಂಕು. "ನೋಡು, ನಾನು ಹೇಳಿರಲಿಲ್ಲವಾ?" ಎಂದು ಗೆದ್ದವನಂತೆ ವಾಪಸ್ಸು ಕೊಟ್ಟೆ. ಅವಳು ಹಾಕಿಕೊಳ್ಳಲು ಹೋದವಳು ನಿಂತಳು. ಎಡಗಡೆಯ ರಬ್ಬರನ್ನು ಬೆಳಕಿಗೆ ಹಿಡಿದಳು, ಮೂಗಿಗೆ ಹಿಡಿದಳು. "ಅತ್ತಾ, ಏಮಿದಿ? ಒಗ್ಗರಣೆ ವಾಸನೆ ಬರ್ತೈತೆ."

ಆಗ ನನಗೆ ನಮ್ಮ ಮನೆಯ ಭಾನುವಾರಗಳು ಸಾಲಾಗಿ ಕಣ್ಣ ಮುಂದೆ ಬಂದವು. ಭಾನುವಾರ ನಮ್ಮಲ್ಲಿ ಎಣ್ಣೆಸ್ನಾನ. ಅಮ್ಮ ಒಗ್ಗರಣೆ ಸೌಟಿನಲ್ಲಿ ಕಡ್ಲೆಕಾಯಿ ಎಣ್ಣೆ ಬೆಚ್ಚಗೆ ಮಾಡಿ, ನನ್ನನ್ನು ಚಾಪೆಯ ಮೇಲೆ ಬಲಮಗ್ಗುಲಿಗೆ ಮಲಗಿಸಿ, ಮೊದಲು ಎಡಗಿವಿಗೆ ಬಿಡುತ್ತಾಳೆ. ಆ ಬೆಚ್ಚಗಿನ ಸುಖಕ್ಕೆ ನಾನು ಅಲ್ಲೇ ನಿದ್ದೆ ಹೋಗುತ್ತೇನೆ. ಬಲಗಿವಿಯ ಸರದಿ ಬರುವುದೇ ಇಲ್ಲ. ಒಂದೊಂದು ಭಾನುವಾರಕ್ಕೂ ಒಂದೊಂದು ಜೊತೆಯ ಎಡಗಡೆಗೆ ನಾನೇ ಕೈಯಾರೆ ಒಗ್ಗರಣೆ ಹಾಕುತ್ತ ಬಂದಿದ್ದೆ. ಈಗ ಚೈತ್ರಳದಕ್ಕೂ ಹಾಕಿದ್ದೆ, ಅದೂ ಅರ್ಧ ಕಾರ್ಯಕ್ರಮ ಬಾಕಿ ಇರುವಾಗ.

ಹೊರಗೆ ಕೀಬೋರ್ಡಿನವನು ಶುರು ಮಾಡಿದ. ಚೈತ್ರ ಒಮ್ಮೆ ವೇದಿಕೆಯ ಕಡೆ, ಒಮ್ಮೆ ಕೈಯಲ್ಲಿದ್ದ ರಬ್ಬರಿನ ಕಡೆ ನೋಡಿದಳು. ನಾನು ವಿವರಣೆ ಕೊಡಲು ಬಾಯಿ ತೆರೆದೆ. "ಮಾತು ಆಮೇಲೆ, ಮೊದ್ಲು ಜೇಬಲ್ಲಿರೋ ಟೋಪಿ ತೆಗೀರಿ" ಎಂದಳು ಮಂಜುಳ. ನಾನು ರಬ್ಬರ್ ಟೋಪಿಗಳನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತೇನೆಂಬುದು ಅವಳಿಗೆ ಹೇಗೆ ಗೊತ್ತಿತ್ತೋ. ಎಣ್ಣೆ ಹತ್ತಿದ್ದನ್ನು ಕಿತ್ತೆಸೆದು, ಅದರಡಿಯ, ದನಿ ಹೊರಡುವ ಸಣ್ಣ ಜಾಲರಿಯನ್ನು ಸೀರೆಯ ಸೆರಗಿನಿಂದ ಒತ್ತಿ ಒತ್ತಿ ಒರೆಸಿ, ಚಿಕ್ಕ ಟೋಪಿ ಹಾಕಿ ಹುಡುಗಿಯ ಕಿವಿಗಿಟ್ಟಳು. ಚೈತ್ರ "ಆ..." ಎಂದು ಒಂದು ಸ್ವರ ಹಿಡಿದು ನೋಡಿ, ತಲೆಯಾಡಿಸಿ ವೇದಿಕೆಗೆ ಓಡಿದಳು. ಕೊನೆಯ ಹಾಡಿನವರೆಗೂ ನಾನು ಕೈ ಮುಗಿದುಕೊಂಡೇ ಕೂತಿದ್ದೆ. ಶ್ರುತಿ ತಪ್ಪಲಿಲ್ಲ. ಆರ್ಕೆಸ್ಟ್ರಾದವರು ಅವಳನ್ನು ಮುಂದಿನ ಕಾರ್ಯಕ್ರಮಗಳಿಗೂ ಒಪ್ಪಿಕೊಂಡರು.

ಮಧುಗಿರಿಗೆ ಬಂದು ಕಿವಿ ಡಾಕ್ಟರಿಗೆ ತೋರಿಸಿದೆ. ಎಣ್ಣೆಯಲ್ಲಿ ನೆನೆದು ಊದಿಕೊಂಡಿದ್ದ ಗುಗ್ಗೆಯನ್ನು ಅವರು ಹೊರತೆಗೆದ ಆ ಕ್ಷಣವನ್ನು ನಾನು ಮರೆಯಲಾರೆ. ಫ್ಯಾನು ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ದಾರಿಯಲ್ಲಿ ನನ್ನ ಚಪ್ಪಲಿಯ ಸದ್ದಿಗೆ ನಾನೇ ಎರಡು ಸಲ ತಿರುಗಿ ನೋಡಿದೆ. ಮನೆಗೆ ಬಂದು ಮೂರೂ ಜೊತೆಗಳ ಜಾಲರಿಯನ್ನು ಒರೆಸಿ ಹಾಡು ಹಾಕಿದರೆ ಎಡಗಡೆಯೂ ಗಂಧರ್ವ. ಕುಣಿಯುವುದೊಂದು ಬಾಕಿ. ಈ ಸುದ್ದಿಯನ್ನು ಮಂಜುಳಳಿಗೆ ಹೇಳಬೇಕೆಂದು ಎದ್ದು, ವೈರು ಕಿವಿಯಿಂದ ತೆಗೆದೆ.

ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿದ್ದಳು. ಮೆಲ್ಲಗೇ ಮಾತಾಡುತ್ತಿದ್ದಳು. ಇಷ್ಟು ವರ್ಷ ಆ ದನಿ ನಡುಮನೆಯವರೆಗೆ ಬಂದದ್ದಿಲ್ಲ. "ಚೆಪ್ಪಿನಾನಾ ಲೇದಾ ಚೈತ್ರಾ? ಮೊದ್ಲೇ ಹೇಳಿರ್ಲಿಲ್ವಾ, ನಿಮ್ಮಾಮ ಯಾವ್ದನ್ನ ಜಾಸ್ತಿ ಬೈತಾರೋ ಅದೇ ತಗೋ ಅಂತ. ನಮ್ಮನೆ ಫ್ರಿಜ್ಜೂ ಅಂಗೇ ತಗಂಡಿದ್ದು, ಮಿಕ್ಸೀನೂ ಅಂಗೇ. ಒಂದು ದಿನ ಕೆಟ್ಟಿಲ್ಲ." ಆ ಕಡೆಯಿಂದ ಚೈತ್ರ ನಕ್ಕದ್ದೂ ಸ್ಪಷ್ಟವಾಗಿ ಕೇಳಿಸಿತು. ಉಸಿರೆಳೆದುಕೊಂಡು ಮತ್ತೆ ನಕ್ಕದ್ದೂ ಕೇಳಿಸಿತು.

ಮುಂದಿನ ಭಾನುವಾರ ಅಮ್ಮ ಖಾಲಿ ಸೌಟು ಹಿಡಿದುಕೊಂಡು ಬಂದು ನಿಂತಳು. "ಡಾಕ್ಟ್ರು ಬ್ಯಾಡ ಅಂದವ್ರಲ್ಲ, ಎಣ್ಣೆ ಬುಟ್ಬುಡಾನೇನ್ಲಾ?" ಎಂದು ಬೇಜಾರಿನಿಂದ ಕೇಳಿದಳು. ಅಡುಗೆಮನೆಯಲ್ಲಿ ಮಂಜುಳ ಫೋನಿನಲ್ಲಿ ವಾಷಿಂಗ್ ಮಿಷನ್ನಿನ ಮಾತು ಎತ್ತಿದ್ದಳು. ಯಾವ ಕಂಪನಿಯದನ್ನು ನಾನು ಬೇಡ ಎನ್ನಬಹುದು ಎಂದು ಅವಳೂ ಚೈತ್ರಳೂ ಲೆಕ್ಕ ಹಾಕುತ್ತಿದ್ದರು. ನಾನು ಚಾಪೆ ಬಿಡಿಸಿ ಬಲಮಗ್ಗುಲಿಗೆ ಮಲಗಿದೆ. "ಬೆಚ್ಚಗೆ ಮಾಡ್ಕೊಂಡು ಬಾರಮ್ಮ" ಎಂದೆ. ಎಡಗಿವಿಗೆ ಬಿಟ್ಟಾದ ಮೇಲೆ ಈ ಸಲ ನಿದ್ದೆ ಮಾಡಲಿಲ್ಲ. ನಾನಾಗಿಯೇ ಇನ್ನೊಂದು ಮಗ್ಗುಲಿಗೆ ಹೊರಳಿದೆ.