ಮಾಸ್ತರರ ಆಲಾಪ, ಇಸ್ಮಾಯಿಲಸಾಬರ ಕತ್ತೆ

— ನನ್ನ ದನಿ ಎಲ್ಲಿ ಹೋತು ನೀಲಕಂಠ?

— ಇಲ್ಲೇ ಇತ್ತಲ್ರಿ ಸರ.

— ಇತ್ತು ಅಂದ್ರ? ಮುಂಜಾನಿಂದ ಗಂಟಲ ಹರಕೊಂಡೀನಿ. ಈಗ ಕೇಳಿದ್ರ ಬರೇ ಕತ್ತಿ ಒದರಾಕತ್ತದ.

ಶಹಾಪುರದ ಒಂದು ಓಣಿಯಲ್ಲಿ ನೀಲಕಂಠನ ಒಂದೇ ಕೋಣೆಯ ರೆಕಾರ್ಡಿಂಗ್ ಸ್ಟುಡಿಯೊ. ನಿವೃತ್ತ ಮಾಸ್ತರ ಮಹಾದೇವಪ್ಪನವರು ಅಲ್ಲಿಗೆ ಬಂದದ್ದು ದೊಡ್ಡ ಹಾಡುಗಾರನಾಗುವ ಆಸೆಯಿಂದಲ್ಲ. ಅಂದರೆ, ಬರೀ ಆ ಆಸೆಯಿಂದಲ್ಲ. ಅವರ ಊರು ಕಾಲುವೆಯ ಕಟ್ಟಕಡೆಗಿತ್ತು. ಮೇಲಿನ ಊರಿನವರು ತೂಬು ಮುಚ್ಚದೆ ಭತ್ತಕ್ಕೆ ನೀರು ಹರಿಸಿಕೊಂಡರೆ ಇವರ ಹತ್ತಿಗೆ ಹನಿಯೂ ಉಳಿಯುತ್ತಿರಲಿಲ್ಲ. ಮೂರು ಸಲ ಸಭೆ ಕರೆದರೂ ಮೇಲಿನ ಊರಿನಿಂದ ನಾಲ್ಕು ಮಂದಿ ಸಹ ಬಂದಿರಲಿಲ್ಲ. ಕೊನೆಗೆ ಮಾಸ್ತರರು ನೀರಿನ ಮೇಲೆ ತಾವೇ ಒಂದು ಹಾಡು ಕಟ್ಟಿ, ಆಟೊಕ್ಕೆ ಮೈಕು ಕಟ್ಟಿಸಿ, ಮೇಲಿನ ಊರಿನಲ್ಲಿ ಸಾರಲು ಹೊರಟಿದ್ದರು. ಆಟೊ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

ಹಾಡುವಾಗ ಸ್ಟುಡಿಯೊದ ಹಿಂದಿನ ಮನೆಯ ಇಸ್ಮಾಯಿಲಸಾಬರ ಕತ್ತೆಯೂ ನಡುನಡುವೆ ದನಿಗೂಡಿಸಿತ್ತು. ನೀಲಕಂಠ ಹೆದರಬೇಡಿರೆಂದಿದ್ದ. ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಇದೆ, ಬೇಡದ ಸದ್ದಿನ ಒಂದು ತುಣುಕು ತೋರಿಸಿದರೆ ಸಾಕು, ಅಂಥದ್ದನ್ನೆಲ್ಲ ಹುಡುಕಿ ಅಳಿಸುತ್ತದೆ ಎಂದಿದ್ದ.

— ನೀ ಯಾವ ತುಣುಕು ತೋರಿಸ್ದಿ?

— ಮೊದಲ್ನೇ ನುಡಿ ಮುಗದ ಮ್ಯಾಲ ಉದ್ದಕ ಒದರಿತ್ತಲ್ರಿ, ಅದು.

— ಅದು ನನ್ನ ಆಲಾಪ.

ನೀಲಕಂಠ ಪರದೆ ನೋಡಿದ, ಮಾಸ್ತರರನ್ನು ನೋಡಿದ, ಮತ್ತೆ ಪರದೆಯನ್ನೇ ನೋಡುವುದು ಕ್ಷೇಮವೆಂದುಕೊಂಡ.

— ಇದರಾಗ ನಿಮ್ಮ ದನಿ ಗೆರಿ, ಕತ್ತಿ ದನಿ ಗೆರಿ ಎರಡೂ ಒಂದೇ ನಮೂನಿ ಕಾಣ್ತಾವ್ರಿ.

— ಮೊದಲಿನ ರೆಕಾರ್ಡಿಂಗ್ ಆದ್ರೂ ಅದನೋ ಇಲ್ಲೋ?

— ಅದರ ಮ್ಯಾಲೇ ಸೇವ್ ಮಾಡೀನ್ರಿ.

ಅಷ್ಟರಲ್ಲಿ ಇಸ್ಮಾಯಿಲಸಾಬರು ಏದುಸಿರು ಬಿಡುತ್ತ ಒಳಗೆ ಬಂದರು. ಕೋಣೆಯೊಳಗಿಂದ ತಮ್ಮ ಕತ್ತೆಯ ದನಿ ಅವರ ಕಿವಿಗೆ ಬಿದ್ದಿತ್ತು.

— ನನ್ನ ಕತ್ತಿ ಒಳಗ್ಯಾಕ ಕಟ್ಟೀರಿ?

— ಕಟ್ಟಿಲ್ರಿ ಸಾಬ್ರ, ಕಂಪ್ಯೂಟರನ್ಯಾಗ ತುಂಬೀನಿ.

— ಅಷ್ಟ ದೊಡ್ಡ ಕತ್ತೀನ ಇಷ್ಟರಾಗ ಹೆಂಗ ತುಂಬಿದ್ಯೋ? ತಗಿ ಹೊರಗ.

ನೀಲಕಂಠ ಹಾಡು ಹಾಕಿ ಕೇಳಿಸಿದ. ಸಾಬರು ಕುರ್ಚಿ ಎಳೆದುಕೊಂಡು ಮೂರು ಸಲ ಕೇಳಿದರು. ಸಿಟ್ಟು ಇಳಿದು ಮುಖ ಅರಳಿತು.

— ತಾಳ ತಪ್ಪಿಲ್ಲ ನೋಡ್ರಿ ಮಾಸ್ತರ್ರ.

ಕಂಪ್ಯೂಟರೂ ಅದನ್ನೇ ಹೇಳುತ್ತಿದೆ ಎಂದು ನೀಲಕಂಠ ಬಾಯಿ ತಪ್ಪಿ ಅಂದುಬಿಟ್ಟ.

ಮೂವತ್ತಾರು ವರ್ಷ ಇಡೀ ಶಾಲೆಯನ್ನು ತೆಪ್ಪಗೆ ಕೂರಿಸಿದ ದನಿ ಮಾಸ್ತರರದು. ಮತ್ತೊಮ್ಮೆ ಹಾಡಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಹೊರಗೆ ಆಟೊದವನು ಹಾರ್ನ್ ಹೊಡೆಯುತ್ತಿದ್ದ. ಹಾರ್ಮೋನಿಯಂ, ತಬಲಾ, ಕತ್ತೆಯ ದನಿ ಇಷ್ಟೇ ಉಳಿದ ಹಾಡನ್ನು ಹೊತ್ತುಕೊಂಡು ಮಾಸ್ತರರು ನಾಚಿಕೆಯಿಂದ ಆಟೊ ಹತ್ತಿದರು.

ಮೇಲಿನ ಊರಿನ ಕಾಲುವೆ ಏರಿಯ ಮೇಲೆ ಹಾಡು ಶುರುವಾಗಿ ಒಂದು ನುಡಿಯೂ ಮುಗಿದಿರಲಿಲ್ಲ, ಭತ್ತಕ್ಕೆ ಕತ್ತೆಗಳ ಹಿಂಡೇ ನುಗ್ಗಿತೆಂದು ಊರಿಗೆ ಊರೇ ಬಡಿಗೆ ಹಿಡಿದು ಓಡಿಬಂತು. ಕತ್ತೆ ಎಲ್ಲೂ ಕಾಣಲಿಲ್ಲ. ಕಂಡದ್ದು ತುಂಬಿ ತುಳುಕಿ ಹಳ್ಳಕ್ಕೆ ಹರಿದುಹೋಗುತ್ತಿದ್ದ ನೀರು, ಅದರ ಪಕ್ಕದಲ್ಲಿ ನಿಂತ ಮಾಸ್ತರರು. ಗಂಟಲು ಹೋಗಿದ್ದರಿಂದ ಅವರು ಆ ನೀರಿನತ್ತ ಬೆರಳು ತೋರಿಸಿದರು. ಬಂದವರಲ್ಲಿ ಹಿರಿಯನೊಬ್ಬ ಬಡಿಗೆ ಕೆಳಗಿಟ್ಟು ತಾನೇ ಹೋಗಿ ತೂಬು ಮುಚ್ಚಿದ.

ಮೂರನೆಯ ದಿನ ಕೆಳಗಿನ ಊರಿನ ಕಡೇ ಹೊಲಕ್ಕೂ ನೀರು ಮುಟ್ಟಿತು. ಆ ಹೊಲದ ತಿಮ್ಮವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದು ಮಾಸ್ತರರ ಮನೆಗೆ ಬಂದಳು.

— ನಿಮ್ಮ ಹಾಡಿನಿಂದ ನೀರ ಬಂತ್ರಿ ಮಾಸ್ತರ್ರ.

ಸುಮ್ಮನಿದ್ದುಬಿಡಲೇ ಎಂದು ಮಾಸ್ತರರಿಗೆ ಒಂದು ಗಳಿಗೆ ಅನಿಸಿತು. ಆದರೆ ಮನಸ್ಸು ಒಪ್ಪಲಿಲ್ಲ.

— ಹಾಡಿದ್ದು ನಾನಲ್ಲ ತಿಮ್ಮವ್ವ, ಕತ್ತಿ.

— ಗೊತ್ತದ್ರಿ. ನೀವು ಹಾಡಿದ್ರ ಮಂದಿ ಹೊರಗ ಬರ್ತಿದ್ರೇನು?